ಜೂನ್ ಒಂದರ ಹುಡುಗ

"ಯಾರ್ರೀ ಅದು ದೋಣಿ ಓಡಿಸ್ತಿರೋದು? ಕಣ್ಣು ಕಾಣ್ಸುತ್ತಾ ಇಲ್ವಾ?"

ಧನುಶ್ರೀ ಸ್ಕಂದನ ದನಿಯನ್ನು ಮೊದಲ ಸಲ ಕೇಳಿದ್ದು ಹೀಗೆ, ಬೈಗುಳದ ರೂಪದಲ್ಲಿ.

ತಪ್ಪು ಅವಳದ್ದೇ. ಆನ್‌ಲೈನ್ ಆಟಕ್ಕೆ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ. ಯಾವುದೋ ಗುಂಡಿ ಒತ್ತಿ, ಆಟದ ಊರಿನ ಕೆಲವರ ಸರಕು ತುಂಬಿದ್ದ ದೋಣಿಯನ್ನು ಸೀದಾ ಬಂಡೆಗೆ ಗುದ್ದಿಸಿದ್ದಳು. ಹನ್ನೆರಡು ಜನರ ಒಂದು ವಾರದ ದುಡಿಮೆ ನೀರುಪಾಲಾಗಿತ್ತು.

"ಸಾರಿ... ಬ್ರೇಕ್ ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ."

"ದೋಣಿಗೆ ಬ್ರೇಕ್ ಇರುತ್ತೇನ್ರೀ?"

ಹೆಡ್‌ಫೋನಿನಲ್ಲಿ ಹತ್ತಾರು ಜನ ನಕ್ಕರು. ಅಷ್ಟರಲ್ಲಿ ಒಬ್ಬ ಹೆಂಗಸಿನ ದನಿ ಅಡ್ಡ ಬಂತು.

"ಏ ಸ್ಕಂದ, ಹೊಸ ಹುಡುಗಿ ಕಣೋ. ನಾನೇ ಕರ್ಕೊಂಡು ಬಂದಿದ್ದು. ಬಂದ ದಿನಾನೇ ಬೈದು ಓಡಿಸ್ಬೇಡ."

ಆಕೆ ನಾಗಮಣಿ. ಡಬ್ಲಿನ್ ಏರ್‌ಪೋರ್ಟಿನಲ್ಲಿ ಕೆಲಸ ಮಾಡುತ್ತಿದ್ದವರು. ವಿಮಾನಗಳೇ ನಿಂತ ಮೇಲೆ ಪಕ್ಕದ ಪಟ್ಟಣ ಸ್ವೋರ್ಡ್ಸ್‌ನ ಮನೆಯಲ್ಲಿ ಒಬ್ಬರೇ ಕೂತಿದ್ದರು. ಐವತ್ನಾಲ್ಕರ ವಯಸ್ಸಿನಲ್ಲಿ ಕಂಪ್ಯೂಟರ್ ಆಟ ಕಲಿತಿದ್ದಕ್ಕೆ ಅವರಿಗೆ ನಾಚಿಕೆಯೇನೂ ಇರಲಿಲ್ಲ.

ಅದು 2021ರ ಜನವರಿ. ಐರ್ಲೆಂಡಿನಲ್ಲಿ ಯಾರೂ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ದೇವಸ್ಥಾನವಿಲ್ಲ, ಹಬ್ಬವಿಲ್ಲ, ಒಬ್ಬರ ಮನೆಗೆ ಇನ್ನೊಬ್ಬರು ಹೋಗುವ ಹಾಗಿಲ್ಲ. ಹಾಗಾಗಿ ಅರವತ್ತು ಜನ ಕನ್ನಡಿಗರು 'ಡ್ರಿಫ್ಟ್‌ವೆಲ್' ಎಂಬ ಆನ್‌ಲೈನ್ ಆಟದೊಳಗೆ ಒಂದು ಊರು ಕಟ್ಟಿಕೊಂಡಿದ್ದರು. ಅದಕ್ಕೆ ಸಂತೆಪೇಟೆ ಎಂದು ಹೆಸರಿಟ್ಟಿದ್ದರು. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಎಲ್ಲರೂ ಅಲ್ಲಿ ಸೇರುತ್ತಿದ್ದರು. ಅಂಗಡಿ, ಹೊಲ, ದೋಣಿ ಎಲ್ಲ ಒಂದು ನೆಪ. ನಿಜವಾಗಿ ನಡೆಯುತ್ತಿದ್ದುದು ಮಾತು. ಊರನ್ನು ಶುರು ಮಾಡಿದವನು ಸ್ಕಂದ. ಆಟದ ಲೆಕ್ಕದಲ್ಲಿ ಊರು ಅವನ ಅಕೌಂಟಿನ ಹೆಸರಲ್ಲಿತ್ತು.

ಆಟ ಮುಗಿದ ಮೇಲೆ ಧನುಶ್ರೀಗೆ ಒಂದು ಮೆಸೇಜ್ ಬಂತು.

"ಬೈದಿದ್ದಕ್ಕೆ ಕ್ಷಮಿಸಿ. ಬ್ರೇಕ್ ಇಲ್ಲ, ಲಂಗರು ಇದೆ. ಸ್ಪೇಸ್‌ಬಾರ್ ಒತ್ತಿದರೆ ಬೀಳುತ್ತೆ. ಸ್ಕಂದ."

'ಬೈಯುವಾಗ ಹನ್ನೆರಡು ಜನರ ಮುಂದೆ, ಕ್ಷಮೆ ಮಾತ್ರ ಗುಟ್ಟಾಗಿ...' ಎಂದುಕೊಂಡಳು. ಆದರೂ ತುಟಿಯಂಚಿನಲ್ಲಿ ನಗು ಬಂದೇ ಬಂತು.

ಒಂದು ವಿಷಯವನ್ನು ಓದುಗರಿಗೆ ಈಗಲೇ ಹೇಳಿಬಿಡುವುದು ವಾಸಿ. ಧನುಶ್ರೀ ಸ್ಕಂದನಿಗೆ ಹೇಳದೆ ಅನುಭವಿಸಿದ್ದು ಸಾಕು.

ಅವಳು ಕೆಲಸ ಮಾಡುತ್ತಿದ್ದುದು ಡ್ರಿಫ್ಟ್‌ವೆಲ್ ನಡೆಸುವ ಕಂಪನಿಯಲ್ಲೇ. ಐರ್ಲೆಂಡಿನ ನಡುಭಾಗದ ಅತ್ಲೋನಿನಲ್ಲಿ ಎಂಎಸ್ ಮುಗಿಸಿ, ಅಲ್ಲೇ ಅದರ ಅಕೌಂಟ್ ಪರಿಶೀಲನಾ ತಂಡಕ್ಕೆ ಸೇರಿದ್ದಳು. ಓದು ಮುಗಿದ ಮೇಲೆ ಸಿಗುವ ಎರಡು ವರ್ಷದ ವೀಸಾದಲ್ಲಿ ಒಂದು ವರ್ಷ ಆಗಲೇ ಕಳೆದಿತ್ತು. ಸೆಪ್ಟೆಂಬರಿನಲ್ಲಿ ವರ್ಕ್ ಪರ್ಮಿಟ್ ಮಾಡಿಸಿಕೊಡುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತ್ತು. ಕಂಪನಿಯವರೆಂದು ಆಟದೊಳಗೆ ಯಾರಿಗೂ ಹೇಳಬಾರದು ಎಂಬ ನಿಯಮವಿತ್ತು. ಅವಳು ನಿಯಮ ಪಾಲಿಸಿದಳು. ಅಷ್ಟೇ.

* * *

ಫೆಬ್ರವರಿಯ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆಗೆ ಫೋನ್ ಬರುವುದು ಅಭ್ಯಾಸವಾಗಿತ್ತು. ಊಟದ ಬಿಡುವಿನಲ್ಲಿ ಇಬ್ಬರೂ ನಡೆಯಲು ಹೊರಡುತ್ತಿದ್ದರು. ಅವಳು ಅತ್ಲೋನಿನಲ್ಲಿ, ಅವನು ದೂರದ ದಕ್ಷಿಣದಲ್ಲಿ, ಕಾರ್ಕ್‌ನ ಡಗ್ಲಸ್‌ನಲ್ಲಿ.

"ನಮ್ಮ ಐದು ಕಿಲೋಮೀಟರಲ್ಲಿ ಎರಡು ಶಾಪಿಂಗ್ ಸೆಂಟರ್ ಇದೆ. ಸೂಪರ್‌ಮಾರ್ಕೆಟ್ ಬಿಟ್ರೆ ಎಲ್ಲಾ ಮುಚ್ಚಿದೆ. ನಿಮ್ಮದ್ರಲ್ಲಿ ಏನಿದೆ?" ಎಂದು ಅವನು ಕೇಳಿದ.

"ಶಾನನ್ ನದಿ ಇದೆ. ಅದನ್ನ ಯಾರೂ ಮುಚ್ಚಿಲ್ಲ."

ಅವನು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿದ್ದ. ಹುಣಸೂರಿನ ಹತ್ತಿರದ ಹಳ್ಳಿಯವನು. ಮಾತು ಸ್ವಲ್ಪ ಒರಟು, ಮನಸ್ಸು ಹಾಗಲ್ಲ. ನಾಗಮಣಿಗೆ ಜ್ವರ ಬಂದಾಗ ಕಾರ್ಕ್‌ನಲ್ಲಿ ಕೂತೇ ಸ್ವೋರ್ಡ್ಸ್‌ನ ಅಂಗಡಿಯಿಂದ ಹಣ್ಣು, ಮಾತ್ರೆ ತರಿಸಿಕೊಟ್ಟಿದ್ದ. ಅದನ್ನು ಅವನು ಹೇಳಲಿಲ್ಲ, ನಾಗಮಣಿಯೇ ಹೇಳಿದ್ದು.

"ನಿಮ್ದು ಏನ್ ಕೆಲ್ಸ?" ಎಂದು ಒಮ್ಮೆ ಕೇಳಿದ.

"ಡಾಕ್ಯುಮೆಂಟ್ ಪರಿಶೀಲನೆ. ಬೋರು."

"ಗ್ರ್ಯಾಂಡ್," ಎಂದು ಐರಿಶರ ಹಾಗೆ ಒಪ್ಪಿಕೊಂಡು ಮಾತು ಬದಲಿಸಿದ.

ಒಂದು ದಿನ ಬಾಯಿತಪ್ಪಿ "ಊಟ ಮಾಡ್ದ್ಯಾ?" ಎಂದುಬಿಟ್ಟ. ಆಮೇಲೆ ತಡವರಿಸಿದ. ಅವಳು ತಡ ಮಾಡದೆ, "ಮಾಡ್ದೆ. ನೀನು?" ಎಂದಳು. ಅಲ್ಲಿಗೆ 'ನೀವು' ಮುಗಿಯಿತು. ಅಂದು ಮನೆಗೆ ವಾಪಸು ಬರುವ ದಾರಿಯುದ್ದಕ್ಕೂ ಧನುಶ್ರೀ ಮಾಸ್ಕಿನೊಳಗೆ ನಗುತ್ತಲೇ ಬಂದಳು.

ಮಾರ್ಚ್ ಒಂಬತ್ತರಂದು ಸಂತೆಪೇಟೆಯ ದೋಣಿಯ ಮೇಲೆ ಬಣ್ಣದ ಬಾವುಟ ಹಾರಿತು. ಊರಿನ ಒಡೆಯನ ಹುಟ್ಟುಹಬ್ಬಕ್ಕೆ ಆಟವೇ ಅದನ್ನು ಹಾರಿಸುತ್ತದೆ. ಧನುಶ್ರೀ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ ಶುಭಾಶಯ ಹೇಳಿದಳು.

"ಎಷ್ಟು ತುಂಬ್ತು?"

"ಮೂವತ್ತರ ಹತ್ರ ಹತ್ರ," ಎಂದು ನಕ್ಕು ಜಾರಿಕೊಂಡ.

ಅವನು ಡಿಗ್ರಿ ಮುಗಿಸಿದ್ದು ಅವಳಿಗಿಂತ ಎರಡು ವರ್ಷ ಮೊದಲು. ತನಗಿಂತ ಎರಡು ವರ್ಷ ದೊಡ್ಡವನಿರಬೇಕು ಎಂದು ಅವಳು ತಾನೇ ಲೆಕ್ಕ ಹಾಕಿಕೊಂಡಿದ್ದಳು.

* * *

ಮಾರ್ಚ್ ಕೊನೆಗೆ ಕಂಪನಿಯ ಪ್ರಕಟಣೆ ಬಂತು. ಯಾರ ಊರಿನಲ್ಲಿ ದನಿಯಲ್ಲಿ ಮಾತಾಡುವ ವ್ಯವಸ್ಥೆ ಇದೆಯೋ, ಅದರ ಒಡೆಯರು ಹದಿನೆಂಟು ದಾಟಿದವರೆಂದು ದಾಖಲೆ ಕೊಟ್ಟು ತೋರಿಸಬೇಕು. ಮಕ್ಕಳ ಮಾಹಿತಿಯ ರಕ್ಷಣೆಗೆ ಕರಡು ನಿಯಮಗಳು ಬಂದಿದ್ದವು. ಇವತ್ತಲ್ಲ ನಾಳೆ ಕಾನೂನು ವಯಸ್ಸು ಕೇಳಿಯೇ ಕೇಳುತ್ತದೆ, ಮೊದಲೇ ತಯಾರಾಗೋಣ ಎಂದು ಕಂಪನಿಯ ವಕೀಲರು ಹೇಳಿದ್ದರು.

ಆ ಭಾನುವಾರ ಸಂತೆಪೇಟೆಯಲ್ಲಿ ಯಾರೂ ಅಂಗಡಿ ತೆರೆಯಲಿಲ್ಲ. ಬರೀ ಚರ್ಚೆ.

"ಆಟ ಆಡೋಕೂ ಪಾಸ್‌ಪೋರ್ಟ್ ಕೊಡ್ಬೇಕಾ?" ಎಂದು ರೇಗಿದವನು ಚಿರಾಗ್. ಎರಡು ಮಕ್ಕಳ ತಂದೆ, ಬಾಯಿ ಸ್ವಲ್ಪ ಜೋರು. "ನಾಳೆ ಅದನ್ನ ಯಾರಿಗೆ ಮಾರ್ಕೋತಾರೋ."

"ನಿನ್ನ ಮಗಳ ಹತ್ರ ಗೊತ್ತಿಲ್ದೋನು ಯಾವನೋ ಮಾತಾಡಿದ್ರೆ ಸುಮ್ನಿರ್ತೀಯಾ?" ಎಂದರು ನಾಗಮಣಿ. "ಕೇಳ್ಲಿ ಬಿಡು. ಆದ್ರೆ ನನ್ನ ಬಿಳಿ ಕೂದ್ಲು ನೋಡಿದ್ರೆ ಸಾಲ್ದಾ ಅಂತ."

"ಊರು ನನ್ನ ಹೆಸರಲ್ಲಿದೆ. ನಾನು ಕೊಡ್ತೀನಿ," ಎಂದ ಸ್ಕಂದ.

"ಕೊಡಪ್ಪ. ಆ ಕಡೆ ಕೂತು ನಮ್ಮ ಪಾಸ್‌ಪೋರ್ಟ್ ತಿರುವಿ ಹಾಕೋ ಪುಣ್ಯಾತ್ಮರು ಯಾರೋ," ಎಂದ ಚಿರಾಗ್.

ಧನುಶ್ರೀ ಮೈಕ್ ಆಫ್ ಮಾಡಿಕೊಂಡಳು.

'ಸ್ಕಂದನಿಗೆ ಮಾತ್ರ ಹೇಳಲೇ? ಅವನು ಯಾರಿಗೂ ಹೇಳುವುದಿಲ್ಲ...'

ಹೇಳಬಹುದಿತ್ತು. ನಿಯಮ ಹೇಳಿದ್ದು ಆಟದೊಳಗೆ ಹೇಳಬೇಡ ಎಂದು. ನದಿಯ ದಡದಲ್ಲಿ ನಡೆಯುತ್ತಾ ಫೋನಿನಲ್ಲಿ ಹೇಳಬೇಡ ಎಂದೇನಲ್ಲ. ನಾಳೆ ಹೇಳೋಣ ಎಂದುಕೊಂಡಳು. ಈ ನಾಳೆ ಎಂಬುದನ್ನು ನಂಬಿ ಕೆಟ್ಟವರು ಅವಳೊಬ್ಬಳೇ ಅಲ್ಲ.

* * *

ಏಪ್ರಿಲ್ ಎಂಟು, ಗುರುವಾರ. ದಿನಕ್ಕೆ ಇನ್ನೂರು ಅರ್ಜಿ ನೋಡಬೇಕಿತ್ತು. ಹೆಸರು, ಫೋಟೊ ಯಾವುದೂ ಪರಿಶೀಲಕರಿಗೆ ಕಾಣುವುದಿಲ್ಲ, ಮುಚ್ಚಿರುತ್ತದೆ. ಕಾಣುವುದು ಎರಡು ತಾರೀಖು ಮಾತ್ರ: ಅಕೌಂಟಿನಲ್ಲಿ ಬರೆದದ್ದು, ದಾಖಲೆಯಲ್ಲಿ ಇರುವುದು. ಎರಡರ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಅಂತರವಿದ್ದರೆ ತಿರಸ್ಕಾರ. ಅಪ್ಪನ ಪಾಸ್‌ಪೋರ್ಟ್ ಹಾಕಿ ಒಳಗೆ ಬರುವ ಮಕ್ಕಳನ್ನು ಹಿಡಿಯಲು ಮಾಡಿದ ನಿಯಮ ಅದು.

ಅಂದು ಅವಳ ಮುಂದೆ ಬಂದ ಒಂದು ಅರ್ಜಿಯಲ್ಲಿ ಅಕೌಂಟಿನ ತಾರೀಖು ಮಾರ್ಚ್ 9, 1992. ಪಾಸ್‌ಪೋರ್ಟಿನ ತಾರೀಖು ಜೂನ್ 1, 1990.

ಅಂತರ ಒಂದು ವರ್ಷ ಒಂಬತ್ತು ತಿಂಗಳು. ಅವಳು ತಿರಸ್ಕರಿಸಿ ಮುಂದಿನದಕ್ಕೆ ಹೋದಳು. ನಲವತ್ತು ಸೆಕೆಂಡೂ ಹಿಡಿಯಲಿಲ್ಲ.

ಮರುದಿನ ಒಂದು ಗಂಟೆಗೆ ಸ್ಕಂದನ ಫೋನ್ ಬಂತು. ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ.

"ಅಕೌಂಟ್ ಲಾಕ್ ಆಯ್ತು ಧನು, ಊರೂ ಮುಚ್ಚಿಹೋಯ್ತು. ಸುಳ್ಳು ಮಾಹಿತಿ ಕೊಟ್ಟಿದೀರಿ ಅಂತ ಲೆಟರ್ ಬಂದಿದೆ. ಹದಿನಾಲ್ಕು ದಿನದಲ್ಲಿ ಜನನ ಪ್ರಮಾಣಪತ್ರ ಕೊಡ್ಬೇಕಂತೆ. ಇಲ್ಲಾಂದ್ರೆ ಊರು ಅಳಿಸಿ ಹಾಕ್ತಾರೆ."

"ಕೊಟ್ರಾಯ್ತಲ್ಲ."

"ಎಲ್ಲಿಂದ ತರ್ಲಿ? ನಾನು ಹುಟ್ಟಿದ್ದು ಮನೇಲಿ, ಯಾರೂ ಬರೆಸಿಲ್ಲ. ಅಕ್ಕ ಸ್ಕೂಲಿಗೆ ಹೋದ್ರೆ ನಾನೂ ಹೋಗ್ತೀನಿ ಅಂತ ಅಳ್ತಿದ್ನಂತೆ. ನಾಲ್ಕು ವರ್ಷದೋನನ್ನ ಅಪ್ಪ ಎತ್ಕೊಂಡು ಹೋಗಿ ಸೇರಿಸಿದ್ರು. ಹೆಡ್‌ಮೇಷ್ಟ್ರು ಚನ್ನಬಸಪ್ಪನವರು ವಯಸ್ಸು ಸಾಲಲ್ಲ ಅಂತ ಎರಡು ವರ್ಷ ಹಿಂದೆ ಹಾಕಿ, ಜೂನ್ ಒಂದು ಅಂತ ಬರೆದ್ರು. ಆ ವರ್ಷ ಸೇರಿದ ಹನ್ನೊಂದು ಮಕ್ಕಳಿಗೂ ಜೂನ್ ಒಂದೇ."

ಧನುಶ್ರೀ ನಡೆಯುತ್ತಿದ್ದವಳು ನಿಂತಳು.

"ಪಾಸ್‌ಪೋರ್ಟಲ್ಲಿ ಅದೇ ಬಂತು. ಆಟದಲ್ಲಿ ಮಾತ್ರ ನಿಜವಾದ ತಾರೀಖು ಹಾಕಿದ್ದೆ. ಅಲ್ಲಾದ್ರೂ ನಿಜ ಇರ್ಲಿ ಅಂತ. ನಂಗೆ ಇಪ್ಪತ್ತೊಂಬತ್ತೇ ಕಣೆ, ನಿಂಗಿಂತ ನಾಲ್ಕು ತಿಂಗ್ಳು ಚಿಕ್ಕೋನು. ನಗ್ಬೇಡ."

ಅವಳಿಗೆ ನಗು ಎಲ್ಲಿಂದ ಬರಬೇಕು? ನಿನ್ನೆ ತಿರಸ್ಕರಿಸಿದ ಅರ್ಜಿ ಕಣ್ಣ ಮುಂದೆ ಬಂತು. ಮಾರ್ಚ್ ಒಂಬತ್ತು. ಜೂನ್ ಒಂದು.

"ಅದನ್ನ ನೋಡಿದೋರ ಮೇಲೂ ಬೇಜಾರಿಲ್ಲ ಬಿಡು. ಪಾಪ, ಇಲ್ಲಿಯೋರಿಗೆ ಜೂನ್ ಒಂದು ಅಂದ್ರೆ ಏನು ಗೊತ್ತಾಗುತ್ತೆ? ನಮ್ಮ ಕಡೆಯೋರು ಯಾರಾದ್ರೂ ನೋಡಿದ್ರೆ ಒಂದೇ ಸಲಕ್ಕೆ ಅರ್ಥ ಆಗ್ತಿತ್ತು."

ಅವಳ ಮನೆಯಲ್ಲೇ ಅಪ್ಪ, ದೊಡ್ಡಪ್ಪ, ಸೋದರತ್ತೆ ಮೂವರೂ ದಾಖಲೆಯಲ್ಲಿ ಹುಟ್ಟಿದ್ದು ಜೂನ್ ಒಂದಕ್ಕೆ. ಇಡೀ ತಂಡದಲ್ಲಿ ಆ ತಾರೀಖಿನ ಅರ್ಥ ಗೊತ್ತಿದ್ದವಳು ಅವಳೊಬ್ಬಳೇ. ಪಕ್ಕದಲ್ಲಿದ್ದ ಮಾರ್ಚ್ ಒಂಬತ್ತನ್ನು ತಿಂಗಳ ಹಿಂದಷ್ಟೇ ಬೆಳಿಗ್ಗೆ ಏಳಕ್ಕೆ ಎದ್ದು ನೆನೆದವಳೂ ಅವಳೇ. ಕಣ್ಣೆದುರು ಇದ್ದರೂ ಕಾಣಲಿಲ್ಲ.

"ಧನು? ಇದೀಯಾ?"

"ಹ್ಞಾ... ಒಂದು ಮೀಟಿಂಗ್ ಇದೆ. ಆಮೇಲೆ ಮಾಡ್ತೀನಿ."

ಆಮೇಲೆ ಮಾಡಲಿಲ್ಲ.

ಮನೆಗೆ ಬಂದು ತಾನು ಹಿಂದಿನ ದಿನ ನೋಡಿದ ಅರ್ಜಿಗಳ ಪಟ್ಟಿ ತೆಗೆದಳು. ಅವನು ಊರಿನವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದ ಲೆಟರಿನ ನಂಬರ್ ನೂರಾ ಹದಿನೇಳನೆಯ ಸಾಲಿನಲ್ಲಿತ್ತು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಈಗ ಅವಳ ಬಾಯಿಗೆ ನಿಜವಾಗಿಯೂ ಬೀಗ ಬಿದ್ದಿತ್ತು. ತಾನು ನೋಡಿದ ಅರ್ಜಿಯ ಬಗ್ಗೆ ಅರ್ಜಿದಾರರೊಂದಿಗೆ ಮಾತಾಡಿದರೆ ಕೆಲಸದಿಂದ ತೆಗೆಯುತ್ತಾರೆ. ಗೊತ್ತಿದ್ದವರ ಅರ್ಜಿಯನ್ನು ಹುಡುಕಿ ನೋಡುವುದೂ ಅಪರಾಧ. ಅದನ್ನು ಅವಳು ಆಗಲೇ ಮಾಡಿಯಾಗಿತ್ತು.

* * *

ಒಂದು ಗಂಟೆಯ ಫೋನ್ ನಿಂತಿತು. ಅವನು ಮಾಡಿದರೆ ಅವಳು ಎತ್ತಲಿಲ್ಲ, ಬ್ಯುಸಿ ಎಂದು ಒಂದೇ ಪದ ಬರೆದು ಕಳಿಸಿದಳು. ಸುಳ್ಳು ಹೇಳುವುದಕ್ಕಿಂತ ಮಾತೇ ಆಡದಿರುವುದು ಮೇಲು ಎಂದು ಅವಳ ಲೆಕ್ಕ. ಲೆಕ್ಕ ತಪ್ಪಾಗಿತ್ತು.

ಮುಂದಿನ ಗುರುವಾರ ನಾಗಮಣಿ ಫೋನ್ ಮಾಡಿದರು.

"ಏನಮ್ಮ ಧನುಶ್ರೀ, ಆ ಹುಡುಗನ ಹತ್ರ ಯಾಕೆ ಮಾತು ಬಿಟ್ಟಿದೀಯ?"

"ಹಾಗೇನಿಲ್ಲ ಆಂಟಿ. ಕೆಲ್ಸ ಜಾಸ್ತಿ."

"ನನ್ನ ಹತ್ರ ಬೇಡ. ಅವನು ಏನಂದ್ಕೊಂಡಿದಾನೆ ಗೊತ್ತಾ? ವಯಸ್ಸಲ್ಲಿ ನಿನಗಿಂತ ಚಿಕ್ಕೋನು ಅಂತ ಗೊತ್ತಾದ ತಕ್ಷಣ ನೀನು ಹಿಂದೆ ಸರಿದೆ ಅಂತ. ಅದೇ ದಿನದಿಂದ ತಾನೇ ನೀನು ಫೋನ್ ಎತ್ತದೆ ಇರೋದು?"

ಧನುಶ್ರೀ ಕುರ್ಚಿ ಎಳೆದು ಕೂತಳು.

"ನಾಲ್ಕು ತಿಂಗ್ಳು ದೊಡ್ಡದಾ ನಿನಗೆ?"

"ಇಲ್ಲ ಆಂಟಿ. ದೇವರಾಣೆಗೂ ಅದಲ್ಲ."

"ಮತ್ತೆ ಅವನಿಗೆ ಹೇಳು. ನೋಡು, ಏಳು ದಿನ ಆದ್ರೆ ಊರು ಹೋಗುತ್ತೆ. ನನ್ನ ಭಾನುವಾರ ಹೋಗುತ್ತೆ. ಅದಕ್ಕೇನೋ ಹೇಗೋ ಒಗ್ಗಿಕೊಳ್ತೀನಿ. ನೀವಿಬ್ರೂ ಯಾಕೆ ಕೆಡಿಸ್ಕೋಬೇಕು?"

ಫೋನ್ ಇಟ್ಟ ಮೇಲೆ ಧನುಶ್ರೀ ಅತ್ತಳು. ಊರು ಹೋಗುತ್ತದೆಂದು ಅತ್ತದ್ದಲ್ಲ. ತನ್ನ ತಪ್ಪನ್ನು ಮುಚ್ಚಿಡಲು ಹೋಗಿ, ಅವನು ತನ್ನಲ್ಲೇ ತಪ್ಪು ಹುಡುಕಿಕೊಳ್ಳುವ ಹಾಗೆ ಮಾಡಿದೆನಲ್ಲ ಎಂದು ಅತ್ತಳು. ಅವನನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬುದು ಅವಳಿಗೆ ಅಂದು ಖಚಿತವಾಗಿ ತಿಳಿಯಿತು. ಅವನು ಬೇಕು ಎಂಬುದೂ ತಿಳಿಯಿತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಗ್ರಾನ್ಯಳಿಗೆ ವಿಡಿಯೊ ಕಾಲ್ ಮಾಡಿದಳು. ಗ್ರಾನ್ಯ ಅತ್ಲೋನಿನವಳೇ, ನಲವತ್ತು ದಾಟಿದವಳು, ಮಾತು ಕಡಿಮೆ. ಧನುಶ್ರೀ ಎಲ್ಲವನ್ನೂ ಹೇಳಿದಳು. ಜೂನ್ ಒಂದು ಎಂದರೇನು, ಹೆಡ್‌ಮೇಷ್ಟರು ಯಾಕೆ ಹಾಗೆ ಬರೆಯುತ್ತಾರೆ, ಅರ್ಜಿ ಯಾರದ್ದು, ತಾನು ಅದನ್ನು ಹೇಗೆ ಹುಡುಕಿದೆ, ಅವನು ತನಗೆ ಏನು.

"ಅವನು ನಿನಗೆ ಏನು?" ಎಂದು ಗ್ರಾನ್ಯ ಮತ್ತೆ ಕೇಳಿದಳು.

"ನಾನು ಪ್ರೀತಿಸೋ ಹುಡುಗ. ಅವನಿಗೆ ಇನ್ನೂ ಹೇಳಿಲ್ಲ."

ಗ್ರಾನ್ಯ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಅರ್ಜಿ ಹುಡುಕಿದ್ದನ್ನ ನಾನು ಮೇಲೆ ತಿಳಿಸಲೇಬೇಕು. ನಿನ್ನ ಪರ್ಮಿಟ್ ವಿಷಯ ಕೈತಪ್ಪಬಹುದು. ಗೊತ್ತು ತಾನೇ?"

"ಗೊತ್ತು."

"ಜೂನ್ ಒಂದರ ಅರ್ಜಿಗಳು ಇನ್ನೆಷ್ಟು ತಿರಸ್ಕಾರವಾಗಿವೆ?"

ಆ ಪ್ರಶ್ನೆ ಧನುಶ್ರೀಗೆ ಹೊಳೆದೇ ಇರಲಿಲ್ಲ. ತನ್ನ ಹುಡುಗನೊಬ್ಬನನ್ನೇ ನೋಡುತ್ತಿದ್ದಳು. ಇಬ್ಬರೂ ಕೂತು ಹುಡುಕಿದರು. ಇನ್ನೂರ ಹನ್ನೆರಡು. ಅದರಲ್ಲಿ ಮೂವತ್ತೊಂದು ಅವಳ ಕೈಯಿಂದಲೇ ಆಗಿದ್ದವು. ಇನ್ನೂರ ಹನ್ನೆರಡು ಜನ, ಎರಡೂ ತಾರೀಖಿನಲ್ಲಿ ಹದಿನೆಂಟು ದಾಟಿದವರು, ಸುಳ್ಳುಗಾರರೆಂದು ಪತ್ರ ಓದಿದ್ದರು.

ಧನುಶ್ರೀ ಒಂದು ಪುಟದ ಟಿಪ್ಪಣಿ ಬರೆದಳು. ಎರಡೂ ತಾರೀಖಿನಲ್ಲಿ ವ್ಯಕ್ತಿ ವಯಸ್ಕನಾಗಿದ್ದು, ದಾಖಲೆ ಶಾಲೆಯಿಂದ ಬಂದ ತಾರೀಖಿನದಾದರೆ ತಿರಸ್ಕರಿಸದೆ ಒಂದು ಪ್ರಶ್ನೆ ಕೇಳಿ ಎಂದು. ಸ್ಕಂದನ ಅರ್ಜಿಯನ್ನು ಬೇರೆಯವರು ನೋಡಿದರು. ಏಪ್ರಿಲ್ ಇಪ್ಪತ್ತೊಂದರ ಬುಧವಾರ ಮಧ್ಯಾಹ್ನ, ಗಡುವಿಗೆ ಒಂದು ದಿನ ಮೊದಲು, ಸಂತೆಪೇಟೆ ತೆರೆಯಿತು. ನಾಗಮಣಿ ಗುಂಪಿನಲ್ಲಿ ದೀಪದ ಚಿತ್ರಗಳನ್ನು ಸಾಲಾಗಿ ಹಾಕಿದರು.

ಅಂದು ಸಂಜೆ, ಗ್ರಾನ್ಯ ಇನ್ನು ಮಾತಾಡಬಹುದು ಎಂದ ತಕ್ಷಣ, ಧನುಶ್ರೀ ಸ್ಕಂದನಿಗೆ ಫೋನ್ ಮಾಡಿದಳು.

"ನಿನ್ನ ಅರ್ಜಿ ರಿಜೆಕ್ಟ್ ಮಾಡಿದ್ದು ನಾನೇ. ನಾನು ಅದೇ ಕಂಪನೀಲಿ ಕೆಲ್ಸ ಮಾಡೋದು."

ಅವಳು ಉಳಿದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ವಯಸ್ಸಿನ ವಿಷಯ ಅಲ್ಲವೇ ಅಲ್ಲ ಎಂದೂ ಹೇಳಿದಳು.

"ರಿಜೆಕ್ಟ್ ಮಾಡಿದ್ದು ಬಿಡು, ಹೆಸರು ಕಾಣ್ಸಲ್ಲ, ಒಪ್ಪಿದೆ," ಎಂದ ಅವನು ನಿಧಾನವಾಗಿ. "ಆದ್ರೆ ನಾನು ಅಪ್ಪ, ಮೇಷ್ಟ್ರು ಎಲ್ಲಾ ಕಥೆ ಹೇಳ್ತಿದ್ದಾಗ ನೀನು ಆ ಕಡೆ ಸುಮ್ನೆ ಕೇಳಿಸ್ಕೋತಿದ್ದೆ. ಆಗಲೇ ಗೊತ್ತಾಗಿತ್ತು ನಿಂಗೆ."

"ಹೌದು."

"ಹನ್ನೆರಡು ದಿನ ನನ್ನಲ್ಲಿ ಏನು ಕಮ್ಮಿ ಅಂತ ಯೋಚ್ನೆ ಮಾಡ್ದೆ ಧನು."

"ಸ್ಕಂದ..."

"ನಂಗೆ ಸ್ವಲ್ಪ ಟೈಮ್ ಬೇಕು."

ಫೋನ್ ಇಟ್ಟುಬಿಟ್ಟ.

* * *

ಎರಡು ವಾರವಾದರೂ ಸ್ಕಂದನಿಂದ ಏನೂ ಬರಲಿಲ್ಲ. ಭಾನುವಾರ ನಾಲ್ಕು ಗಂಟೆಗೆ ಅವಳು ಆಟಕ್ಕೆ ಹೋಗಲಿಲ್ಲ. ಹೋದರೆ ಅವನು ಎದ್ದು ಹೋಗಬೇಕಾಗಬಹುದು, ಊರು ಅವನದ್ದು ಎಂದು.

ಈ ನಡುವೆ ಕಂಪನಿಯ ತೀರ್ಮಾನ ಬಂತು. ಟಿಪ್ಪಣಿಗೆ ಮೆಚ್ಚುಗೆ, ಅರ್ಜಿ ಹುಡುಕಿದ್ದಕ್ಕೆ ಶಿಕ್ಷೆ. ಕಾಂಟ್ರಾಕ್ಟ್ ಆಗಸ್ಟಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ. ಎರಡೂ ಒಂದೇ ಇಮೇಲಿನಲ್ಲಿದ್ದವು.

ಮೇ ಹತ್ತರಿಂದ ಒಂದು ಕೌಂಟಿಯಿಂದ, ಅಂದರೆ ಜಿಲ್ಲೆಯಿಂದ, ಇನ್ನೊಂದಕ್ಕೆ ಹೋಗಬಹುದು ಎಂದು ಸರ್ಕಾರ ಪ್ರಕಟಿಸಿತು. ಧನುಶ್ರೀ ಆ ಸೋಮವಾರಕ್ಕೆ ರಜೆ ಹಾಕಿ ಟ್ರೈನ್ ಟಿಕೆಟ್ ಮಾಡಿಸಿದಳು. ಸ್ಕಂದನಿಗೆ ಒಂದು ಮೆಸೇಜ್ ಕಳಿಸಿದಳು.

"ಸೋಮವಾರ ಒಂದು ಗಂಟೆಗೆ ಡಗ್ಲಸ್‌ನಲ್ಲಿ ನಿನ್ನ ದೊಡ್ಡ ಶಾಪಿಂಗ್ ಸೆಂಟರ್ ಹೊರಗಡೆ ಇರ್ತೀನಿ. ಬರಲೇಬೇಕು ಅಂತಿಲ್ಲ. ನಾನು ಎರಡು ಗಂಟೆವರೆಗೆ ಕಾಯ್ತೀನಿ."

ಎರಡು ನೀಲಿ ಗೀಟು ಕಾಣಿಸಿತು. ಉತ್ತರ ಬರಲಿಲ್ಲ.

ಪೋರ್ಟಾರ್ಲಿಂಗ್ಟನ್‌ನಲ್ಲಿ ಟ್ರೈನ್ ಬದಲಿಸಿದಳು. ಬೋಗಿಯಲ್ಲಿ ಒಂದು ಸೀಟು ಬಿಟ್ಟು ಒಂದು ಸೀಟಿಗೆ ಪಟ್ಟಿ ಕಟ್ಟಿದ್ದರು. ಕಿಟಕಿಯ ಹೊರಗೆ ಹಸಿರು ಓಡುತ್ತಿತ್ತು. ಅವಳು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ನಾಲ್ಕು ಸಲ ಜೋಡಿಸಿ ನಾಲ್ಕು ಸಲವೂ ಕೆಡಿಸಿದಳು. ಕಾರ್ಕ್‌ನಿಂದ ಬಸ್ ಹಿಡಿದು ಡಗ್ಲಸ್ ತಲುಪಿದಾಗ ಒಂದಕ್ಕೆ ಹತ್ತು ನಿಮಿಷವಿತ್ತು.

ಒಂದಾಯಿತು. ಒಂದೂ ಕಾಲಾಯಿತು. ಎದುರಿನ ಕ್ಷೌರದಂಗಡಿ ತಿಂಗಳುಗಳ ನಂತರ ಅಂದೇ ತೆರೆದಿತ್ತು. ಹೊರಗೆ ಉದ್ದ ಕೂದಲಿನ ಗಂಡಸರು ಸಾಲಾಗಿ ನಿಂತಿದ್ದರು.

'ಬರುವುದಿಲ್ಲ. ಬರದಿದ್ದರೂ ಸರಿಯೇ, ನಾನು ಬಂದೆನಲ್ಲ...' ಎಂದು ಸಮಾಧಾನ ಮಾಡಿಕೊಂಡಳು. ಸಮಾಧಾನವೇನೂ ಆಗಲಿಲ್ಲ.

ಒಂದೂವರೆಗೆ ಆ ಸಾಲಿನಿಂದಲೇ ಒಬ್ಬ ಹೊರಗೆ ಬಂದು ರಸ್ತೆ ದಾಟಿದ. ಕಿವಿ ಮುಚ್ಚುವಷ್ಟು ಕೂದಲು, ನೀಲಿ ಮಾಸ್ಕ್. ಫೋಟೊದಲ್ಲಿ ಕಂಡದ್ದಕ್ಕಿಂತ ಎತ್ತರ. ಎರಡು ಮಾರು ದೂರದಲ್ಲಿ ನಿಂತ.

"ಒಂದೂವರೆಗೆ ಬುಕಿಂಗ್ ಇತ್ತು," ಎಂದ. "ಅರ್ಧ ಗಂಟೆಯಿಂದ ಸಾಲಲ್ಲಿ ನಿಂತು ನಿನ್ನನ್ನ ನೋಡ್ತಿದ್ದೆ. ನನ್ನ ಸರದಿ ಬಂತು. ಬಿಟ್ಟು ಬಂದೆ."

ಆ ದನಿ ಕೇಳಿ ಅವಳ ಕಣ್ಣು ತುಂಬಿತು. ಆದರೆ ಅಳಲು ಬಂದವಳಲ್ಲ ಅವಳು.

"ನಾನು ಹೇಳೋದೆಲ್ಲ ಹೇಳ್ಬಿಡ್ತೀನಿ. ಮಧ್ಯೆ ಮಾತಾಡ್ಬೇಡ."

"ಹೇಳು."

"ಕೆಲ್ಸ ಆಗಸ್ಟಿಗೆ ಹೋಗುತ್ತೆ. ನಿನ್ನ ಅರ್ಜಿ ಹುಡುಕಿದ್ದಕ್ಕೆ. ನಿನಗೋಸ್ಕರ ಹೋಯ್ತು ಅಂತ ಹೇಳ್ತಿಲ್ಲ, ಬೇರೆ ಯಾರಿಂದ್ಲೋ ಗೊತ್ತಾಗೋದಕ್ಕಿಂತ ನಾನೇ ಹೇಳ್ಬೇಕು ಅಂತ. ಬೇರೆ ಕೆಲ್ಸ ಹುಡುಕ್ತಿದೀನಿ, ಒಂದು ಇಂಟರ್‌ವ್ಯೂ ಆಗಿದೆ, ಸಿಗುತ್ತೋ ಇಲ್ವೋ ಗೊತ್ತಿಲ್ಲ. ಸಿಗದಿದ್ರೆ ಮುಂದಿನ ವರ್ಷ ಮೈಸೂರಿಗೆ ವಾಪಸ್. ಆಮೇಲೆ, ನಾಲ್ಕು ತಿಂಗ್ಳು ದೊಡ್ಡೋಳು ಅಂತ ನಮ್ಮಮ್ಮನಿಗೆ ಹೇಳಿದೀನಿ."

"ನಿಮ್ಮಮ್ಮನಿಗಾ? ಏನ್ ಹೇಳಿದೆ?"

"ಮಧ್ಯೆ ಮಾತಾಡ್ಬೇಡ ಅಂದ್ನಲ್ಲ. ಒಬ್ಬ ಹುಡುಗ ಇದಾನೆ, ನನ್ನ ಮೇಲೆ ಕೋಪ ಮಾಡ್ಕೊಂಡಿದಾನೆ, ಕೋಪ ನ್ಯಾಯವಾದದ್ದೇ ಅಂತ ಹೇಳಿದೆ."

ಸ್ಕಂದ ಪಾದದ ಕಡೆ ನೋಡುತ್ತಾ ನಿಂತ.

"ಮುಗೀತಾ?"

"ಇನ್ನೊಂದಿದೆ. ನಿನ್ನನ್ನ ಪ್ರೀತಿಸ್ತೀನಿ. ಫೆಬ್ರವರಿಯಿಂದ. ಇದನ್ನೂ ಮುಚ್ಚಿಟ್ಕೊಂಡಿದ್ದೆ. ಈಗ ಮುಗೀತು, ನನ್ನ ಹತ್ರ ಇನ್ನೇನೂ ಉಳಿದಿಲ್ಲ."

ಕ್ಷೌರದಂಗಡಿಯವನು ಹೊರಗೆ ಬಂದು ಯಾರದೋ ಹೆಸರು ಕೂಗಿ ಒಳಗೆ ಹೋದ. ಸ್ಕಂದ ಆ ಕಡೆ ತಿರುಗಲಿಲ್ಲ. ಮಾಸ್ಕ್ ಕೆಳಗಿಳಿಸಿದ.

"ನಾನೂ ಒಂದು ಮುಚ್ಚಿಟ್ಟಿದೀನಿ," ಎಂದ.

"ಏನು?"

"ನನ್ನ ಕೋಪ ಯಾವತ್ತೋ ಹೋಗಿತ್ತು. ನೀನು ಫೋನ್ ಮಾಡಿದ ಮುಂದಿನ ಬುಧವಾರಾನೇ. ಟೈಮ್ ಬೇಕು ಅಂತ ಗತ್ತಲ್ಲಿ ಹೇಳ್ಬಿಟ್ಟಿದ್ದೆ, ವಾಪಸ್ ಹೇಗೆ ಮಾಡೋದು ಅಂತ ಗೊತ್ತಾಗ್ಲಿಲ್ಲ."

ಅವಳು ಬೆರಳು ಮಡಚಿ ಎಣಿಸಿದಳು.

"ಹನ್ನೆರಡು ದಿನ. ಹನ್ನೆರಡು ದಿನ ಸುಮ್ನೆ ಅಳಿಸ್ದ್ಯಾ ನನ್ನ?"

"ಹೌದು. ತಪ್ಪಾಯ್ತು."

ನಡುವೆ ಇದ್ದ ಎರಡು ಮಾರು ದೂರವನ್ನು ದಾಟಿ ಬಂದವಳು ಅವಳೇ. ಅವನ ಕೈ ಹಿಡಿದಳು. ಅದು ತಣ್ಣಗಿತ್ತು.

"ಇನ್ಮೇಲೆ ಕೋಪ ಹೋದ ದಿನಾನೇ ಫೋನ್ ಮಾಡು," ಎಂದಳು.

"ಮಾಡ್ತೀನಿ. ನೀನು ಎತ್ತು."

"ಎತ್ತುತ್ತೀನಿ."